ಗುಡಿಯ ಹೊರಗೆ ನಿಂತ ಇಂಗ್ಲಿಷ್ ಮೇಷ್ಟ್ರು

ಅವರು ತೀರಿಕೊಂಡ ವಾರ ಕಳಸದ ಬಸ್ ಸ್ಟ್ಯಾಂಡಿನಲ್ಲಿ ಎರಡು ಫ್ಲೆಕ್ಸ್ ಎದ್ದವು. ಒಂದು ವಿಚಾರವಾದಿ ಗೆಳೆಯರದು. ಮೂಢನಂಬಿಕೆಯ ವಿರುದ್ಧ ಬದುಕಿಡೀ ಹೋರಾಡಿದ ನಿರ್ಭೀತ ಚಿಂತಕ ಇನ್ನಿಲ್ಲ ಎಂದು ಅದರಲ್ಲಿತ್ತು. ಅದರ ಪಕ್ಕದಲ್ಲೇ, ಹಗ್ಗ ಕಟ್ಟಲು ಅದೇ ಕಂಬವನ್ನು ಹಿಡಿದುಕೊಂಡು, ಅವರ ಊರಿನ ಗುಡಿ ಸಮಿತಿಯವರದು. ಅಮ್ಮನವರ ಪರಮಭಕ್ತರು ಅಮ್ಮನವರ ಪಾದ ಸೇರಿದರಂತೆ. ಎರಡರಲ್ಲೂ ಒಂದೇ ಫೋಟೊ, ಕಾಲೇಜಿನ ಗುರುತಿನ ಚೀಟಿಗೆ ತೆಗೆಸಿದ್ದು, ಏನೋ ಹೇಳಲು ಹೊರಟು ಬಾಯಿ ಅರ್ಧ ತೆರೆದಿರುವುದು. ನಾನು ಬಸ್ಸಿಳಿದವಳು ಅದನ್ನು ನೋಡಿ ಅಲ್ಲೇ ಹಣೆ ಚಚ್ಚಿಕೊಂಡೆ. ಸತ್ತ ಮೇಲಾದರೂ ಈ ಮನುಷ್ಯ ಒಂದು ಕಡೆ ನಿಲ್ಲಬಾರದೇ?

ಈಗ ಕಾಲೇಜಿನವರು ಸಂಸ್ಮರಣ ಸಂಚಿಕೆ ತರುತ್ತಾರಂತೆ. "ಮೇಡಂ, ನೀವು ಅವರ ಜೊತೆ ಬಹಳ ವರ್ಷ ಕೆಲಸ ಮಾಡಿದವರು, ಅವರ ಆದರ್ಶಗಳ ಬಗ್ಗೆ ಬರೆದುಕೊಡಿ" ಎಂದು ಫೋನಿನ ಮೇಲೆ ಫೋನು. ಅವರ ಆದರ್ಶ ಏನೆಂದು ಗೊತ್ತಿದ್ದರೆ ನಾನು ಇಷ್ಟು ವರ್ಷ ಅವರೊಂದಿಗೆ ಜಗಳ ಯಾಕೆ ಕಾಯುತ್ತಿದ್ದೆ? ಬರೆಯುತ್ತೇನೆ, ಆದರೆ ಹೊಗಳಿ ಬರೆಯುವುದು ನನ್ನಿಂದಾಗದು.

ಚಿಕ್ಕಮಗಳೂರಿನ ಆ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಹೇಳುತ್ತಿದ್ದೆ, ಅವರು ಇಂಗ್ಲಿಷ್. ಸ್ಟಾಫ್ ರೂಮಿನಲ್ಲಿ ನಮ್ಮ ಮೇಜುಗಳು ಎದುರುಬದುರು. ಎತ್ತರದ, ಒಣಕಲು ಆಳು. ಬೇಸಿಗೆಯಲ್ಲೂ ಕೈಯಲ್ಲಿ ಕೊಡೆ. ವಾದ ಶುರುವಾಗುವ ಮುಂಚೆ ಅಂಗಿಯ ತೋಳನ್ನು ನಿಧಾನವಾಗಿ ಮಡಚುತ್ತಿದ್ದರು. ಜಗಳಕ್ಕೆ ಬಂದರು ಎಂದು ನಾವು ಸಜ್ಜಾದರೆ, ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಅದೂ ಹೌದು ಅನ್ನಿ."

ಆ ಮಾತು ಕೇಳಿ ಕೇಳಿ ನನಗೆ ರಕ್ತದೊತ್ತಡ ಬಂದದ್ದು. ದೇವರಿಲ್ಲ ಸರ್ ಎಂದರೆ, ಅದೂ ಹೌದು ಅನ್ನಿ. ದೇವರಿದ್ದಾನೆ ಎಂದು ಸಂಸ್ಕೃತದ ಮೇಷ್ಟ್ರು ಅತ್ತಲಿಂದ ಕೂಗಿದರೆ, ಅದೂ ಹೌದು ಅನ್ನಿ. ಹೀಗೆ ಹೇಳಿ ಸುಮ್ಮನಾದರೆ ಬೇರೆ ಮಾತು. ಸುಮ್ಮನಾಗುತ್ತಿರಲಿಲ್ಲವಲ್ಲ! ನನ್ನೆದುರು ಕುಳಿತು ಸಂಸ್ಕೃತದವರ ವಾದವನ್ನು ಅವರಿಗಿಂತ ಚೆನ್ನಾಗಿ ಮಂಡಿಸುತ್ತಿದ್ದರು. ಆಮೇಲೆ ಎದ್ದು ಹೋಗಿ ಸಂಸ್ಕೃತದವರ ಹತ್ತಿರ ನನ್ನ ವಾದವನ್ನು ನನಗಿಂತ ಚೆನ್ನಾಗಿ. ಗಂಟೆ ಹೊಡೆಯುವ ಹೊತ್ತಿಗೆ ನಾವಿಬ್ಬರೂ ಕೆಂಡ, ಅವರು ಮಾತ್ರ ಕಿತ್ತಳೆ ಸುಲಿದು ನಮ್ಮಿಬ್ಬರಿಗೂ ತೊಳೆ ಹಂಚುತ್ತಾ ನಿಂತಿರುತ್ತಿದ್ದರು.

ಒಂದು ವರ್ಷ ಆಯುಧಪೂಜೆಗೆ ನನ್ನ ಲ್ಯಾಬಿನ ಸೂಕ್ಷ್ಮದರ್ಶಕಗಳಿಗೆ ಅರಿಶಿನ ಕುಂಕುಮ ಹಚ್ಚಬೇಕೆಂದು ಪ್ರಿನ್ಸಿಪಾಲರು ಹಟ ಹಿಡಿದರು. ಲೆನ್ಸಿಗೆ ಕುಂಕುಮ ಕೂತರೆ ತೆಗೆಯುವವರಾರು? ನಾನು ಬಾಗಿಲಿಗೆ ಅಡ್ಡ ನಿಂತೆ. ಇವರು ಬಂದು ನನ್ನ ಪರವಾಗಿ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ಪ್ರಿನ್ಸಿಪಾಲರು ಹೂವಿನ ಬುಟ್ಟಿ ಹಿಡಿದುಕೊಂಡು ವಾಪಸು ಹೋದರು. ನನಗೆ ಹೆಮ್ಮೆಯೋ ಹೆಮ್ಮೆ. ಮರುವರ್ಷ ಭೌತಶಾಸ್ತ್ರದ ಹೊಸ ಹುಡುಗ ಅದೇ ರೀತಿ ಅಡ್ಡ ನಿಂತಾಗ ಇದೇ ಮನುಷ್ಯ ಹೋಗಿ, "ವರ್ಷಕ್ಕೊಂದು ದಿನ ನಿಮ್ಮ ಉಪಕರಣಕ್ಕೆ ಕೈಮುಗಿದ್ರೆ ಉಳಿದ ದಿನ ಅದನ್ನ ಬೀಳಿಸದೆ ಇಟ್ಕೊಳ್ತೀರಿ ಮಾರಾಯ್ರೆ" ಎಂದು ಹೂ ಹಾಕಿಸಿ ಬಂದರು. "ಏನು ಸರ್ ಇದು, ಎಡಬಿಡಂಗಿತನ?" ಎಂದು ನಾನು ರೇಗಿದೆ. "ಲೆನ್ಸಿಗೆ ಹಚ್ಚಿಸಲಿಲ್ಲ ಮೇಡಂ, ಪೆಟ್ಟಿಗೆಗೆ ಹಚ್ಚಿಸಿದೆ" ಎಂದರು. ಇಂಥವರಿಗೆ ಏನು ಹೇಳುವುದು?

ಇವರ ತಲೆ ಕೆಡಿಸಿದ್ದು ಅವರು ಪಾಠ ಮಾಡುತ್ತಿದ್ದ ಆ ಒಂದು ಪೇಪರು ಎಂದು ನಾನು ಇವತ್ತಿಗೂ ನಂಬಿದ್ದೇನೆ. ಅಮೆರಿಕದ ಆರಂಭಕಾಲದ ಬರಹಗಳು. ಹಡಗು ಹತ್ತಿ ಹೋಗಿ ಅಲ್ಲಿ ನೆಲೆನಿಂತ ಇಂಗ್ಲೆಂಡಿನ ಭಕ್ತಜನ, ಅವರ ದಿನಚರಿ, ಅವರ ಪಾದ್ರಿಗಳ ಪ್ರವಚನ. ಬೇರೆ ಕಾಲೇಜುಗಳಲ್ಲಿ ಯಾರಿಗೂ ಬೇಡವಾದ ಆ ಪೇಪರನ್ನು ಇವರು ಎದೆಗವಚಿಕೊಂಡು ಕುಳಿತಿದ್ದರು. ಮೂಡಿಗೆರೆ, ಆಲ್ದೂರು ಕಡೆಯ ಮಕ್ಕಳಿಗೆ ಅದನ್ನು ಹೇಳುವಾಗ ಅವರ ಉದಾಹರಣೆಗಳೂ ನಮ್ಮ ಕಡೆಯವೇ.

"ಆ ಜನ ಇದ್ರಲ್ಲ, ನಮ್ಮ ಪ್ಲಾಂಟರುಗಳ ಹಾಗೆ ನೋಡಿ. ಮಳೆ ಬಂದ್ರೆ ದೇವರ ದಯೆ, ಬರದಿದ್ರೆ ದೇವರ ಸಿಟ್ಟು. ಆದ್ರೆ ಎಷ್ಟು ಬಂತು ಅಂತ ಬರೆದಿಡದೆ ಮಲಗೋದಿಲ್ಲ. ಕಾಫಿ ಹೂ ಅರಳಿಸೋ ಹೂಮಳೆ ಬರ್ಲಿ ಅಂತ ಹರಕೆಯೂ ಹೊರ್ತಾರೆ, ಬರದಿದ್ರೆ ಇರ್ಲಿ ಅಂತ ಸ್ಪ್ರಿಂಕ್ಲರೂ ಜೋಡಿಸಿ ಇಡ್ತಾರೆ." ನಾನು ಕಾರಿಡಾರಿನಲ್ಲಿ ಹೋಗುವಾಗ ಈ ಪಾಠ ಎಷ್ಟು ಸಲ ಕಿವಿಗೆ ಬಿದ್ದಿದೆಯೋ.

ಅವರಿಗೆ ಪ್ರಾಣಪ್ರಿಯವಾದ ಕತೆ ಒಂದಿತ್ತು. ಆ ಕಾಲದ ಒಂದು ಊರಿಗೆ ಸಿಡುಬು ಬರುತ್ತದೆ. ಕಾಯಿಲೆಯವರ ಕೀವನ್ನು ಆರೋಗ್ಯವಂತರ ತೋಳಿಗೆ ಗೀರಿ ಹಚ್ಚಿದರೆ ಸಣ್ಣಗೆ ಬಂದು ಹೋಗುತ್ತದೆ, ಜೀವ ಉಳಿಯುತ್ತದೆ ಎಂದು ಸಾರಿದವನು ಅಲ್ಲಿನ ಪಾದ್ರಿ. ಅವನಿಗೆ ಅದನ್ನು ಹೇಳಿಕೊಟ್ಟವನು ಅವನ ಮನೆಯಲ್ಲೇ ಗುಲಾಮನಾಗಿದ್ದ ಆಫ್ರಿಕದವನು. ಕೂಡದು, ಇದು ಅಪಾಯ ಎಂದು ಪಟ್ಟು ಹಿಡಿದವನು ಓದಿದ ಡಾಕ್ಟರು. ಮತ್ತೆ ಆ ಪಾದ್ರಿಯೇನು ಸಾಮಾನ್ಯನಲ್ಲ, ಮಾಟಗಾತಿಯರು ನಿಜವಾಗಿಯೂ ಇದ್ದಾರೆ ಎಂದು ನಂಬಿದ್ದವನು.

"ಈಗ ಹೇಳಿ ಮೇಡಂ, ಇದರಲ್ಲಿ ನಂಬಿಕೆ ಯಾವ ಕಡೆ, ಬುದ್ಧಿ ಯಾವ ಕಡೆ?"

"ನನಗೆ ಮಧ್ಯಾಹ್ನ ಪ್ರಾಕ್ಟಿಕಲ್ ಇದೆ ಸರ್, ಕಪ್ಪೆ ತಂದಿಟ್ಟಿದ್ದಾರೆ" ಎನ್ನುತ್ತಿದ್ದೆ. ಆಗಿನ್ನೂ ಕಾಲೇಜಿನಲ್ಲಿ ಕಪ್ಪೆ ಕೊಯ್ಯಿಸುತ್ತಿದ್ದ ಕಾಲ.

ಇನ್ನೊಂದು ಹೇಳಿಬಿಡುತ್ತೇನೆ. ಏಪ್ರಿಲಿನ ಒಂದು ಸಂಜೆ ಅವರ ತರಗತಿ ನಡೆಯುತ್ತಿರುವಾಗ ಸಿಡಿಲು ಹೊಡೆದು ಕಿಟಕಿ ಗಾಜು ಅದುರಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಣ್ಣುಮುಚ್ಚಿ "ಅರ್ಜುನ, ಅರ್ಜುನ" ಎಂದು ಗಟ್ಟಿಯಾಗಿಯೇ ಜಪಿಸಿದಳು. ತರಗತಿಯೆಲ್ಲ ಗೊಳ್ಳೆಂದಿತು. ಇವರು ನಕ್ಕವನೊಬ್ಬನನ್ನು ಎಬ್ಬಿಸಿ, "ಸಿಡಿಲು ಯಾಕೆ ಹೊಡೀತದೆ, ಹೇಳಪ್ಪ" ಎಂದರು. ಅವನು ತಡವರಿಸಿದ. "ಅವಳಿಗೆ ಕರೆಯೋಕೆ ಒಂದು ಹೆಸರಾದ್ರೂ ಗೊತ್ತು ಮಾರಾಯ, ನಿನಗೆ ಅದೂ ಇಲ್ಲ." ಇಷ್ಟಕ್ಕೆ ಬಿಟ್ಟರೇ? ಹುಡುಗಿಗೂ ಹೇಳಿದರು, "ಅರ್ಜುನನ್ನ ಕರಿ, ತೊಂದರೆ ಇಲ್ಲ. ಆದ್ರೆ ಕಿಟಕಿ ಪಕ್ಕದಿಂದ ಎದ್ದು ಬಂದು ಕರಿ." ಮಾರನೇ ದಿನ ಇಬ್ಬರ ಮನೆಯವರೂ ಬೇಸರ ಮಾಡಿಕೊಂಡು ಕಾಲೇಜಿಗೆ ಬಂದಿದ್ದರು.

ಇಂಥ ಮನುಷ್ಯನನ್ನು ನಾನು ಎಷ್ಟೋ ಸಲ ನೇರವಾಗಿ ಕೇಳಿದ್ದೇನೆ. ಸರ್, ಸುತ್ತು ಬಳಸು ಬೇಡ, ನೀವು ನಂಬುತ್ತೀರೋ ಇಲ್ಲವೋ? ಒಂದು ಸಲವೂ ಉತ್ತರ ಸಿಕ್ಕಿದ್ದಿಲ್ಲ. ತೋಳು ಮಡಚುತ್ತಿದ್ದರು, ಕಿತ್ತಳೆ ಸುಲಿಯುತ್ತಿದ್ದರು. ಅವರು ಸುಳ್ಳು ಹೇಳಿದ್ದನ್ನು ಮಾತ್ರ ನಾನು ಕಂಡದ್ದಿಲ್ಲ. ಗೈರುಹಾಜರಿಗೆ ಜ್ವರ ಎಂದು ಬರೆಯುವುದು ನಮ್ಮಲ್ಲಿ ಮಾಮೂಲು. ಅವರು "ಮನಸ್ಸಿರಲಿಲ್ಲ" ಎಂದು ಬರೆದುಕೊಟ್ಟು ಬೈಸಿಕೊಂಡವರು. ಉತ್ತರ ಹೇಳಿದರೆ ನಿಜ ಹೇಳಬೇಕು, ಅದಕ್ಕೇ ಹೇಳುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ.

ಅವರ ಮನೆ ಕಳಸದ ಹತ್ತಿರದ ಒಂದು ಹಳ್ಳಿಯಲ್ಲಿ. ಸ್ವಲ್ಪ ಕಾಫಿ ತೋಟ, ಅದನ್ನು ನೋಡಿಕೊಳ್ಳುತ್ತಿದ್ದವರು ಅವರ ಅಕ್ಕ. ಇವರು ಮಗುವಾಗಿದ್ದಾಗಲೇ ತಾಯಿ ಹೋದದ್ದರಿಂದ ಇವರನ್ನು ಎತ್ತಿ ಆಡಿಸಿ, ಹೊಡೆದು ಬಡಿದು, ಓದಿಸಿದವರು ಅಕ್ಕನೇ. ಮೇಷ್ಟ್ರು ಶನಿವಾರ ಬಂತೆಂದರೆ ಬಾಳೆಹೊನ್ನೂರಿನ ಮೇಲೆ ಹೋಗುವ ಬಸ್ಸು ಹತ್ತಿ ಅಕ್ಕನ ಹತ್ತಿರ ಓಡುತ್ತಿದ್ದರು. ನಾನೂ ಕೆಲವು ಸಲ ಹೋಗಿ ಅವರ ಕೈಯ ಕಡುಬು ತಿಂದು ಬಂದವಳು. ಅಕ್ಕನಿಗೆ ಉಬ್ಬಸ. ಚಳಿ ಬಿದ್ದರೆ ಮಾತಿಗೊಂದು ಕೆಮ್ಮು.

ಆ ಊರಿನ ಅಮ್ಮನವರು ಸಿಡುಬಿನ ಅಮ್ಮ. ಅಲ್ಲಿ ಹೂ ಕೇಳದೆ ಯಾವ ಕೆಲಸವೂ ನಡೆಯುವುದಿಲ್ಲ. ಭಟ್ಟರು ಒದ್ದೆ ಮಾಡಿದ ಹೂಗಳನ್ನು ವಿಗ್ರಹದ ಎರಡು ಭುಜಕ್ಕೂ ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಗಟ್ಟಿಯಾಗಿ ಕೇಳಿ ಕಾಯುವುದು. ಬಲಗಡೆಯ ಹೂ ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಬಾವಿ ತೋಡಲು, ಮದುವೆ ನಿಶ್ಚಯಿಸಲು, ಹಸು ಮಾರಲು, ಎಲ್ಲಕ್ಕೂ ಅದೇ. ಮೇಷ್ಟ್ರು ಕಾಲೇಜಿಗೆ ಸೇರಿದ್ದೂ ಅಕ್ಕ ಹೂ ಕೇಳಿದ ಮೇಲೆಯೇ.

ಕೊರೊನಾದ ಎರಡನೇ ಅಲೆ ಏಳುವ ಹೊತ್ತು. ಮೇಷ್ಟ್ರಿಗೂ ನನಗೂ ಆಗಲೇ ನಿವೃತ್ತಿಯಾಗಿತ್ತು, ಇಬ್ಬರೂ ಲಸಿಕೆ ಹಾಕಿಸಿಕೊಂಡಿದ್ದೆವು. ಅಕ್ಕ ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲ. ಆಶಾ ಕಾರ್ಯಕರ್ತೆ ಎಷ್ಟು ಸಲ ಬಂದರೂ ಕಾಫಿ ಕೊಟ್ಟು ಕಳಿಸುತ್ತಿದ್ದರಂತೆ. "ಅಮ್ಮನವರನ್ನ ಕೇಳದೆ ಮೈಗೆ ಸೂಜಿ ಹಾಕಿಸಿಕೊಂಡವಳಲ್ಲ ನಾನು." ಉಬ್ಬಸದ ಎದೆ, ಊರಲ್ಲಿ ಆಗಲೇ ಇಬ್ಬರು ಹೋಗಿದ್ದಾರೆ. ಒಂದು ಬೆಳಿಗ್ಗೆ ಮೇಷ್ಟ್ರು ನನಗೆ ಫೋನು ಮಾಡಿದರು. ಧ್ವನಿ ಎಂದಿನಂತಿರಲಿಲ್ಲ.

"ಮೇಡಂ, ನೀವು ಒಂದು ಸಲ ನನ್ನ ಜೊತೆ ಊರಿಗೆ ಬರ್ತೀರಾ? ನಿಮ್ಮ ಮಾತು ಅಂದ್ರೆ ಅಕ್ಕನಿಗೆ ಗೌರವ. ಅವಳು ಹೋದ್ರೆ ನನಗೆ ಯಾರೂ ಇಲ್ಲ."

ಕಾರು ತೆಗೆದುಕೊಂಡು ಹೊರಟೆ, ನಿವೃತ್ತಿಯಾದರೂ ಚಿಕ್ಕಮಗಳೂರು ಬಿಡದಿದ್ದ ಅವರನ್ನೂ ಹತ್ತಿಸಿಕೊಂಡೆ. ಆಲ್ದೂರು ದಾಟುವಾಗ ಅವರು ವಿಷಯ ಬಿಟ್ಟರು. ಅಮ್ಮನವರಲ್ಲಿ ಹೂ ಕೇಳುವುದೆಂದು ಅಕ್ಕನಿಗೆ ಮಾತು ಕೊಟ್ಟಿದ್ದಾರಂತೆ! ನನಗೆ ಸ್ಟಿಯರಿಂಗ್ ಬಿಟ್ಟು ಅವರ ಕುತ್ತಿಗೆ ಹಿಡಿಯುವಷ್ಟು ಸಿಟ್ಟು ಬಂತು.

"ಎಡಕ್ಕೆ ಬಿದ್ರೆ?"

"ಬೀಳಲಿಕ್ಕಿಲ್ಲ."

"ಬಿದ್ರೆ ಸರ್? ಹೂವಿಗೇನು ಬುದ್ಧಿ ಇದೆಯಾ?" ಸ್ವಲ್ಪ ದೂರ ಹೋದ ಮೇಲೆ ನಾನೇ ದಾರಿ ಹೇಳಿದೆ. ಭಟ್ಟರು ಪರಿಚಯದವರು, ಒಳ್ಳೆಯವರು. ಮೊದಲೇ ಒಂದು ಮಾತು ಹೇಳಿ, ಬಲಗಡೆಯ ಹೂವನ್ನು ಸ್ವಲ್ಪ ಸಡಿಲ ಅಂಟಿಸಿದರೆ ಆಯಿತು. ಒಂದು ಜೀವ ಉಳಿಯುತ್ತದೆ, ಯಾರಿಗೂ ನಷ್ಟವಿಲ್ಲ.

ಅವರು ತೋಳು ಮಡಚಲು ಶುರುಮಾಡಿದರು. "ರೀಡಿಂಗ್ ಮೊದಲೇ ಬರೆದಿಟ್ಟು ಆಮೇಲೆ ಪ್ರಯೋಗ ಮಾಡೋದು ನಿಮ್ಮ ಲ್ಯಾಬಲ್ಲಿ ನಡೀತದಾ ಮೇಡಂ?"

"ಇದು ಲ್ಯಾಬ್ ಅಲ್ಲ ಸರ್!"

"ಅಕ್ಕನಿಗೆ ಅದೇ ಲ್ಯಾಬ್. ಕೇಳಿದ ಮೇಲೆ ನಿಜವಾಗಿ ಕೇಳಬೇಕು. ಅಮ್ಮನವರ ಹೆಸರಲ್ಲಿ ನಾನು ಸುಳ್ಳು ಹೇಳಿಸೋದಿಲ್ಲ."

ಬಾಳೆಹೊನ್ನೂರಿನಿಂದ ಕಳಸದವರೆಗೆ ನಾನು ಸಿಟ್ಟನ್ನೆಲ್ಲ ಕಾರಿನ ಗೇರಿನ ಮೇಲೆ ತೀರಿಸಿಕೊಂಡೆ.

ಅಕ್ಕ ಮಿಂದು, ಮಡಿ ಸೀರೆಯುಟ್ಟು, ಮಾಸ್ಕ್ ಹಾಕಿ ಕಾಯುತ್ತಿದ್ದರು. ಗುಡಿಯಲ್ಲಿ ಭಟ್ಟರು, ನಾವು ಮೂವರು, ಅಷ್ಟೇ. ಕೇಪಳದ ಕೆಂಪು ಹೂ ಎರಡು ಭುಜಕ್ಕೂ ಅಂಟಿತು. ಮೇಷ್ಟ್ರು ಕೈಮುಗಿದು, "ಅಮ್ಮಾ, ಅಕ್ಕನಿಗೆ ಇಂಜೆಕ್ಷನ್ ಹಾಕಿಸಬಹುದಾ?" ಎಂದು ಕೇಳಿದರು. ದೀಪದ ಬತ್ತಿ ಸಿಡಿಯುತ್ತಿತ್ತು. ನಾನು, ಬಾಳಿನಲ್ಲಿ ಒಂದೂ ಹರಕೆ ಹೊತ್ತವಳಲ್ಲ, ಬಲಗಡೆಯ ಹೂವನ್ನೇ ದುರುಗುಟ್ಟಿ ನೋಡುತ್ತಾ ಬೀಳೇ, ಬೀಳೇ ಎಂದು ಒಳಗೊಳಗೇ ಗೋಗರೆಯುತ್ತಿದ್ದೆ. ಅದು ಜಾರಿತು, ವಾಲಿತು, ಅಲ್ಲೇ ನಿಂತಿತು. ಎಡಗಡೆಯದು ಟಪ್ಪೆಂದು ಬಿತ್ತು.

"ಬೇಡ ಅಂದ್ಲು ಅಮ್ಮ" ಎಂದರು ಅಕ್ಕ, ನೆಮ್ಮದಿಯಿಂದ. ಸೆರಗು ಸರಿಮಾಡಿಕೊಂಡು ಹೊರಡಲು ತಿರುಗಿದರು.

ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. ಆದರೂ ವಾದ ಬಿಟ್ಟರೇ? "ಅಕ್ಕ, ಬೇಡ ಅಂದದ್ದು ಇಂಜೆಕ್ಷನ್ನಿಗಲ್ಲ. ಇಂಥದ್ದನ್ನೆಲ್ಲ ನನ್ನ ಹತ್ರ ತರಬೇಡಿ, ಅದಕ್ಕೆ ಡಾಕ್ಟರಿದ್ದಾರೆ ಅಂತ ಹೇಳಿದ್ದಿರಬಹುದು."

"ನಿನ್ನ ಇಂಗ್ಲಿಷ್ ಬುದ್ಧಿ ಕಾಲೇಜಲ್ಲಿ ಇಟ್ಕೊ."

ನಾನು ಅವರ ಅಂಗಿ ಜಗ್ಗಿ, ಇನ್ನೊಂದು ಸಲ ಕೇಳಿ ಎಂದೆ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವ ಕ್ರಮವಿಲ್ಲ ಎಂದು ಭಟ್ಟರು ತಲೆಯಾಡಿಸಿದರು. ಬೇರೆ ಪ್ರಶ್ನೆ ಕೇಳಬಹುದು. ಮೇಷ್ಟ್ರು ಮತ್ತೆ ಹೂ ಅಂಟಿಸಲು ಹೇಳಿ, ಕೇಳಿದರು: "ಅಮ್ಮಾ, ನಿನ್ನ ಮಾತು ಮೀರಿ ಅಕ್ಕನಿಗೆ ಸೂಜಿ ಹಾಕಿಸ್ತೇನೆ. ಮೀರಿದ ದೋಷ ಅವಳಿಗೆ ಬೇಡ, ನನ್ನ ಮೇಲೆ ಹಾಕು. ಒಪ್ಪಿಗೆಯಾ?"

ಬಲಗಡೆಯ ಹೂ ತಕ್ಷಣ ಬಿತ್ತು. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ಅಬ್ಬ, ಮುಗಿಯಿತು ಎಂದುಕೊಂಡರೆ, ಅಕ್ಕ ಅಲ್ಲೇ ಕಂಬಕ್ಕೆ ಒರಗಿ ಕುಳಿತುಬಿಟ್ಟರು.

"ಎಂತ ಮಾಡಿದೆ ಮಾರಾಯ! ನಿನ್ನ ತಲೆ ಮೇಲೆ ದೋಷ ಹಾಕಿ ನಾನು ಬದುಕ್ಬೇಕಾ? ಇದಕ್ಕಾ ನಿನ್ನ ಸಾಕಿದ್ದು? ಈಗ ಸತ್ರೂ ನಾನು ಚುಚ್ಚಿಸ್ಕೊಳ್ಳೋದಿಲ್ಲ."

ನೋಡಿದಿರಾ? ಇದ್ದ ಒಂದು ದಾರಿಗೂ ತಾವೇ ಬೇಲಿ ಹಾಕಿದ್ದರು. ಪಾದ್ರಿಗಳ ಪ್ರವಚನ ಓದಿದವರಿಗೆ ಸ್ವಂತ ಅಕ್ಕನ ಮನಸ್ಸು ಓದಲು ಬರಲಿಲ್ಲವಲ್ಲ ಎಂದು ನನಗೆ ಅಳು ಬರುವಷ್ಟು ರೇಗಿತು. ನಾನೂ ನನ್ನ ಪಾಲಿನ ಉಪನ್ಯಾಸ ಕೊಟ್ಟೆ. ವೈರಸ್ಸು, ಶ್ವಾಸಕೋಶ, ಉಬ್ಬಸ, ಎಲ್ಲ. ಅಕ್ಕ ನನ್ನ ಕೈ ತಟ್ಟಿ, "ನೀವು ಹೇಳೋದು ಸರಿಯೇ ಇರ್ತದೆ ಅಮ್ಮ" ಎಂದರು. ಅಷ್ಟೇ.

ಆಮೇಲೆ ಅಕ್ಕ ತಮ್ಮನನ್ನು ಎದುರಿಗೆ ಕರೆದು ನಿಲ್ಲಿಸಿಕೊಂಡರು.

"ಏ, ನಾನೊಂದು ಕೇಳ್ತೇನೆ, ಸರಿಯಾಗಿ ಹೇಳು. ಬುದ್ಧಿ ಬಾರದ ಮಗು ಗುಡಿಯೊಳಗೆ ಉಚ್ಚೆ ಹೊಯ್ದರೆ ಅಮ್ಮ ದೋಷ ಹಿಡೀತಾಳಾ? ಇಲ್ಲ. ನಂಬದವನೂ ಹಾಗೇ, ಅವನಿಗೆ ದೋಷ ತಟ್ಟೋದಿಲ್ಲ. ನೀನು ನಂಬದವನಾದ್ರೆ ನಿನ್ನ ತಲೆಗೆ ಏನೂ ಬರೋದಿಲ್ಲ, ನಾನು ಈಗ್ಲೇ ಬಂದು ಚುಚ್ಚಿಸ್ಕೊಳ್ತೇನೆ. ನಂಬುವವನಾದ್ರೆ ಈ ಮಾತು ಇಲ್ಲಿಗೇ ಮುಗೀತು. ಅಮ್ಮನ ಎದುರು ಹೇಳು. ನಂಬ್ತೀಯಾ, ಇಲ್ವಾ?"

ನಾನು ಸ್ಟಾಫ್ ರೂಮಿನಲ್ಲಿ ಕೇಳಿ ಕೇಳಿ ಸೋತ ಪ್ರಶ್ನೆ. ಈ ಸಲ ಅವರು ತೋಳು ಮಡಚಲಿಲ್ಲ. ಅಕ್ಕನನ್ನು ನೋಡಿದರು, ಒಳಗೆ ಅಮ್ಮನವರನ್ನು ನೋಡಿದರು.

"ನಂಬೋದಿಲ್ಲ ಅಕ್ಕ" ಎಂದರು.

"ಯಾವಾಗಿಂದ?"

"ಯಾವತ್ತೂ ನಂಬಿರಲಿಲ್ಲ."

ಅಕ್ಕ ಎದ್ದರು. "ಹಾಗಾದ್ರೆ ನಡಿ" ಎಂದರು. ಭಟ್ಟರು ತೀರ್ಥದ ಉದ್ಧರಣೆ ಹಿಡಿದು ಬಂದಾಗ ಅಕ್ಕ ಕೈಯೊಡ್ಡಿದರು, ನಾನೂ ಒಡ್ಡಿದೆ. ಮೇಷ್ಟ್ರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೊರಗೆ ನಡೆದರು. ಅದೇ ಮಧ್ಯಾಹ್ನ ಕಳಸದ ಆಸ್ಪತ್ರೆಯಲ್ಲಿ ಅಕ್ಕನಿಗೆ ಮೊದಲ ಲಸಿಕೆಯಾಯಿತು. ಸೂಜಿ ಹಾಕುವಾಗ ಅಕ್ಕ ತಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಆ ಅಲೆಯಲ್ಲಿ ಆ ಮನೆಗೂ ಕೊರೊನಾ ಹೊಕ್ಕಿತು. ಎರಡನೇ ಸೂಜಿಯೂ ಆಗಿದ್ದ ಅಕ್ಕ ನಾಲ್ಕು ದಿನ ಕೆಮ್ಮಿ, ಎದ್ದು, ಗೊಬ್ಬರ ಹಾಕಿಸಲು ತೋಟಕ್ಕೆ ಹೋದರು. ಅಲ್ಲಿಗೆ ಕತೆ ಮುಗಿಯಬೇಕಿತ್ತು. ಈ ಮನುಷ್ಯ ಮುಗಿಯಗೊಡಬೇಕಲ್ಲ! ಅಂದಿನಿಂದ ಅವರು ಗುಡಿಯೊಳಗೆ ಕಾಲಿಡಲೇ ಇಲ್ಲ. ನವರಾತ್ರಿಗೆ ಅಕ್ಕನನ್ನು ಆಟೋದಲ್ಲಿ ಕರೆದುಕೊಂಡು ಬಂದು, ಮೆಟ್ಟಿಲ ಕೆಳಗೆ ಕೊಡೆ ಹಿಡಿದು ನಿಂತುಬಿಡುವುದು. ಒಂದು ವರ್ಷ ನಾನೂ ಹೋಗಿದ್ದೆ. ಮಂಗಳಾರತಿಯ ಗಂಟೆ ಬಾರಿಸಿದಾಗ ಅವರು ಅತ್ತ ಬೆನ್ನು ಮಾಡಿ ರಸ್ತೆ ನೋಡುತ್ತಾ ನಿಂತಿದ್ದರು, ಕೊಡೆಯ ಹಿಡಿಯನ್ನು ಹಿಡಿದ ಬೆರಳು ಬೆಳ್ಳಗಾಗಿದ್ದವು.

"ಬನ್ನಿ ಸರ್ ಒಳಗೆ, ಕೆಲಸ ಆಯ್ತಲ್ಲ, ಇನ್ನೇನು?"

"ಅಮ್ಮನ ಎದುರು ಹೇಳಿಯಾಗಿದೆ ಮೇಡಂ. ಹೇಳಿದ ಹಾಗೆ ಇರಬೇಕಲ್ಲ. ಒಳಗೆ ಹೋಗಿ ಕೈಮುಗಿದ್ರೆ ಅಕ್ಕ ಏನಂತ ತಿಳ್ಕೊಳ್ಳಬೇಕು?"

"ನಂಬದವರಿಗೆ ಒಳಗಾದ್ರೇನು, ಹೊರಗಾದ್ರೇನು? ನಾನು ಹೋಗ್ತೇನೆ, ಪಂಚಕಜ್ಜಾಯ ತಿಂತೇನೆ, ಬರ್ತೇನೆ. ನೀವು ಮಾಡ್ತಿರೋದು ನಂಬದವರು ಮಾಡೋ ಕೆಲಸವೇ ಅಲ್ಲ!"

ಅವರು ನಕ್ಕರು. "ಅದೂ ಹೌದು ಅನ್ನಿ" ಎಂದರು.

ಆ ಕ್ಷಣದಲ್ಲಿ ನನಗೆ ಅರ್ಥವಾಯಿತು, ಅರ್ಥವಾದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಒಂದು ಹೂವನ್ನು ಸಡಿಲ ಅಂಟಿಸಲು ಒಪ್ಪದವರು, ತಮ್ಮ ಬಾಯಿಂದ ಅಷ್ಟು ದೊಡ್ಡ ಸುಳ್ಳನ್ನು ಆಡಿ, ತಮಗೆ ತಾವೇ ಬಹಿಷ್ಕಾರ ಹಾಕಿಕೊಂಡು ನಿಂತಿದ್ದರು. ಅವರ ಹೆಗಲು ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಊರಿನವರಿಗೆ ಇದೇನು ಗೊತ್ತು? ಹೊರಗೆ ನಿಂತದ್ದು ಕಂಡ ವಿಚಾರವಾದಿಗಳು, ನೋಡಿ ಎಂಥ ಧೈರ್ಯ ಎಂದರು. ಸಮಿತಿಯವರು, ಅಕ್ಕನನ್ನು ಎಷ್ಟು ಭಕ್ತಿಯಿಂದ ಕರೆತರುತ್ತಾರೆ ಎಂದರು.

ಹೋದ ವರ್ಷ ಅವರಿಗೆ ಹೃದಯದ ತೊಂದರೆಯಾಗಿ ಚಿಕ್ಕಮಗಳೂರಿನಲ್ಲೇ ಆಸ್ಪತ್ರೆಗೆ ಸೇರಿಸಿದ್ದರು. ಅಕ್ಕ ಊರಿಂದ ಅಮ್ಮನವರ ಕುಂಕುಮ ಕಟ್ಟಿ ತಂದಿದ್ದರು. ಹಣೆಗೆ ಹಚ್ಚಲು ಬೆರಳು ಚಾಚಿದಾಗ ಅವರು ಮುಖವನ್ನು ದಿಂಬಿನ ಕಡೆ ತಿರುಗಿಸಿ, "ಬೇಡ ಅಕ್ಕ" ಎಂದರು. ಅಕ್ಕ ಪೊಟ್ಟಣ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಕಾರಿಡಾರಿಗೆ ಬಂದು ಬಿಕ್ಕಿ ಬಿಕ್ಕಿ ಅತ್ತೆ. ಸಾಯುವ ಹೊತ್ತಿನಲ್ಲೂ ಹಟವೇ ಇವರಿಗೆ?

ತಿಥಿಯ ಊಟ ಮುಗಿದು ಎಲ್ಲರೂ ಹೋದ ಮೇಲೆ ಅಕ್ಕ, ನಾನು ಹಿತ್ತಿಲ ಕಟ್ಟೆಯಲ್ಲಿ ಕುಳಿತೆವು. ಫ್ಲೆಕ್ಸಿನ ವಿಷಯ ಹೇಳಿ ನಾನು ಬೈಯತೊಡಗಿದೆ. ಅಕ್ಕ ಅಡಿಕೆ ಕತ್ತರಿಸುತ್ತಾ ಕೇಳಿಸಿಕೊಂಡರು. ಆಮೇಲೆ ತಲೆಯೆತ್ತದೆ, "ಅವತ್ತು ಅವ ಹೇಳಿದ್ದು ಸುಳ್ಳು, ಅಲ್ವಾ?" ಎಂದರು.

"ನಿಮಗೆ ಯಾವಾಗ ಗೊತ್ತಾಯ್ತು ಅಕ್ಕ?"

"ಹೇಳ್ತಿದ್ದ ಹಾಗೇ. ನಾನು ಸಾಕಿದ ಹುಡುಗ, ನಂಗೆ ಗೊತ್ತಾಗದೆ ಇರ್ತದಾ?"

"ಗೊತ್ತಿದ್ದೂ ಮತ್ತೆ ಯಾಕೆ ಚುಚ್ಚಿಸ್ಕೊಂಡ್ರಿ?"

"ಹುಟ್ಟಿದ ಮೇಲೆ ಒಂದೂ ಸುಳ್ಳು ಆಡದವ, ನನ್ನ ಉಳಿಸ್ಲಿಕ್ಕೆ ಅಮ್ಮನ ಎದುರೇ ಆಡಿದ. ನಾನು ಬೇಡ ಅಂದಿದ್ರೆ ಅದು ದಂಡ ಆಗ್ತಿತ್ತಲ್ಲ."

ನನ್ನ ಕಣ್ಣು ತುಂಬಿದವು, ಜೊತೆಗೇ ಸಿಟ್ಟೂ ಬಂತು. ಅಕ್ಕತಮ್ಮ ಇಬ್ಬರದೂ ಒಂದೇ ಅಚ್ಚು! "ಹಾಗಿದ್ರೆ ಒಳಗೆ ಬಾರೋ ಅಂತ ಒಂದು ಸಲ ಕರೀಬಹುದಿತ್ತಲ್ಲ ಅಕ್ಕ? ಅಷ್ಟು ವರ್ಷ ಹೊರಗೆ ನಿಂತ್ರಲ್ಲ ಅವರು!"

"ಕರೆದಿದ್ರೆ ನಂಗೆ ಗೊತ್ತು ಅಂತ ಅವನಿಗೆ ಗೊತ್ತಾಗ್ತಿತ್ತು. ಆಮೇಲೆ ಗೊತ್ತಿದ್ದೂ ಚುಚ್ಚಿಸ್ಕೊಂಡ ದೋಷ ನಂಗೆ ತಟ್ತದೆ ಅಂತ ಕೊರಗ್ತಿದ್ದ."

ಅಕ್ಕ ಅಡಿಕೆಕತ್ತರಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

"ಮನೆಗೆ ಬಂದ ಮೇಲೆ ಅಮ್ಮನ ಪ್ರಸಾದದ ಪಂಚಕಜ್ಜಾಯನ ಅವನಿಗೆ ಹೇಳದೆ ಅವಲಕ್ಕಿಗೆ ಕಲಸಿ ಕೊಡ್ತಿದ್ದೆ. ಪೂರ್ತಿ ತಿಂತಿದ್ದ. ಇವತ್ತೆಂತ ಅಕ್ಕ ಇಷ್ಟು ಸಿಹಿ ಅಂತ ಒಂದು ದಿನವೂ ಕೇಳ್ಲಿಲ್ಲ ಅವ."